ಪೇಟೆಯಲ್ಲಿ ಕೊಳ್ಳುವುದೆಲ್ಲಿ, ತಿನ್ನುವುದೆಲ್ಲಿ?

ಮನೆಯಲ್ಲಿ ಮದುವೆ ಗೊತ್ತಾಗಿದೆ ಎಂದುಕೊಳ್ಳಿ. ಸೀರೆ, ಒಡವೆ, ಲಗ್ನಪತ್ರಿಕೆ, ಹಿತ್ತಾಳೆ ದೀಪ, ತಾಂಬೂಲದ ಚೀಲ ಎಂದು ಪಟ್ಟಿ ಉದ್ದವಾಗುತ್ತಲೇ ಇದೆ. ‘ಎಲ್ಲ ಚಿಕ್ಕಪೇಟೆಯಲ್ಲಿ ಸಿಗುತ್ತೆ, ಒಂದು ದಿನ ಹೋಗಿಬನ್ನಿ’ ಎಂದು ಬಂಧುಗಳು ಹೇಳಿದ್ದಾರೆ. ತುಮಕೂರಿನಿಂದಲೋ ಮಂಡ್ಯದಿಂದಲೋ, ಬೆಂಗಳೂರಿನದೇ ಹೊಸ ಬಡಾವಣೆಯೊಂದರಿಂದಲೋ ಬಂದು ಬೀದಿಗೆ ಕಾಲಿಟ್ಟ ಕೂಡಲೇ ‘ಬನ್ನಿ ಅಕ್ಕ, ಸೀರೆ ನೋಡಿ’ ಎಂಬ ಕೂಗು. ಒಬ್ಬರ ಹಿಂದೆ ಹೋಗಿ ಮಹಡಿ ಹತ್ತುತ್ತೀರಿ. ಅರ್ಧ ದಿನ ಅಲ್ಲೇ ಕಳೆಯುತ್ತದೆ. ಹೊಟ್ಟೆ ಚುರುಗುಟ್ಟಿದಾಗ ಕಂಡ ಮೊದಲ ಹೋಟೆಲಿನಲ್ಲಿ ತಣ್ಣಗಾದ ಪಲಾವ್. ಸಂಜೆ ಮನೆಗೆ ಬಂದರೆ ಪಕ್ಕದ ಮನೆಯವರ ಮಾತು: ‘ಅಯ್ಯೋ, ಒಂದು ಓಣಿ ಒಳಗೆ ಹೋಗಿದ್ದರೆ ಅದೇ ಮಾಲು ಕಡಿಮೆಗೆ ಸಿಗುತ್ತಿತ್ತಲ್ಲ!’

ಫೋನು ಇಲ್ಲಿ ಅಷ್ಟಾಗಿ ಕೈಹಿಡಿಯುವುದಿಲ್ಲ. ‘ಹತ್ತಿರದ ಒಳ್ಳೆಯ ಹೋಟೆಲ್’ ಎಂದು ಹುಡುಕಿದರೆ ಮೇಲೆ ಬರುವುದು ಹೆಚ್ಚು ಜನ ನಕ್ಷತ್ರ ಒತ್ತಿದ ಜಾಗ, ಇಲ್ಲವೇ ಜಾಹೀರಾತಿಗೆ ಹಣ ಕಟ್ಟಿದ ಜಾಗ. ನಕ್ಷತ್ರ ಒತ್ತುವವರಲ್ಲಿ ಒಮ್ಮೆ ಬಂದು ಹೋಗುವವರೇ ಬಹಳ. ದಿನಾ ಬೆಳಿಗ್ಗೆ ಒಂದೇ ಮೂಲೆಯಲ್ಲಿ ನಿಂತು ಇಡ್ಲಿ ತಿನ್ನುವ ಅಂಗಡಿ ಗುಮಾಸ್ತರು ಆ ಹೋಟೆಲಿನ ಬಗ್ಗೆ ಎಲ್ಲೂ ಬರೆಯುವುದಿಲ್ಲ. ನಾಳೆ ಮತ್ತೆ ಬರುತ್ತಾರೆ, ಅಷ್ಟೆ. ಪೇಟೆಯಲ್ಲಿ ನಂಬಬೇಕಾದದ್ದು ಹೀಗೆ ಮತ್ತೆ ಬರುವವರನ್ನು. ದಿನವೂ ಬರುವವರು ಎಲ್ಲಿ ಕೊಳ್ಳುತ್ತಾರೆ, ಎಲ್ಲಿ ತಿನ್ನುತ್ತಾರೆ ಎಂದು ಪತ್ತೆಮಾಡುವುದನ್ನು ಕಲಿತರೆ ಬೆಂಗಳೂರಿನ ಪೇಟೆ ನಿಮ್ಮದಾಗುತ್ತದೆ. ಹುಬ್ಬಳ್ಳಿಯ ದುರ್ಗದಬೈಲು, ಮೈಸೂರಿನ ದೇವರಾಜ ಮಾರುಕಟ್ಟೆ, ಬೆಳಗಾವಿಯ ಖಡೇಬಜಾರ್‌ಗಳಲ್ಲೂ ಇದೇ ವಿಧಾನ ನಡೆಯುತ್ತದೆ.

ಒಂದೇ ಸರಕಿಗೆ ಒಂದು ಬೀದಿ ಏಕೆ?

1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆಗೆ ಎರಡು ಬೀದಿಗಳೇ ಬೆನ್ನೆಲುಬು. ಉತ್ತರ–ದಕ್ಷಿಣಕ್ಕೆ ದೊಡ್ಡಪೇಟೆ, ಅಂದರೆ ಇಂದಿನ ಅವೆನ್ಯೂ ರಸ್ತೆ. ಪೂರ್ವ–ಪಶ್ಚಿಮಕ್ಕೆ ಚಿಕ್ಕಪೇಟೆ. ಈ ಎರಡೂ ಕೂಡುವ ಚೌಕದ ಸುತ್ತ ಒಂದೊಂದು ಕಸುಬಿಗೆ ಒಂದೊಂದು ಪೇಟೆ ಬೆಳೆಯಿತು: ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಬಳೇಪೇಟೆ, ತರಗುಪೇಟೆ. ಇವತ್ತು ಹೆಸರನ್ನೇ ನಂಬಿ ಹೋದರೆ ದಾರಿ ತಪ್ಪುತ್ತದೆ. ಬಳೇಪೇಟೆಗೆ ಈಗ ತಬಲ, ಹಾರ್ಮೋನಿಯಂ, ವೀಣೆ ಕೊಳ್ಳುವವರು ಹೋಗುತ್ತಾರೆ. ಹೆಸರಿಗೂ ಸರಕಿಗೂ ನಂಟು ಕಡಿದರೂ ಒಂದೇ ಸರಕಿನ ಅಂಗಡಿಗಳು ಒತ್ತೊತ್ತಾಗಿ ಕೂರುವ ಪದ್ಧತಿ ಮಾತ್ರ ಉಳಿದಿದೆ.

ಇದರಿಂದ ಗಿರಾಕಿಗೆ ಲಾಭವೇ. ಅಕ್ಕಪಕ್ಕದಲ್ಲೇ ಇಪ್ಪತ್ತು ಅಂಗಡಿ ಇದ್ದರೆ ಒಬ್ಬರು ಮನಸೋ ಇಚ್ಛೆ ಬೆಲೆ ಹೇಳಲು ಆಗುವುದಿಲ್ಲ. ನೀವು ಹತ್ತು ಹೆಜ್ಜೆ ನಡೆದರೆ ನಿಜ ಗೊತ್ತಾಗುತ್ತದೆ. ಸಗಟು ಮಾಲು ಅದೇ ಬೀದಿಗೆ ಇಳಿಯುವುದರಿಂದ ಸಾಗಣೆ ಖರ್ಚು ಕಡಿಮೆ. ಒಂದು ಅಂಗಡಿಯಲ್ಲಿ ಇಲ್ಲದ ಬಣ್ಣ, ಅಳತೆ ಬೇಕಾದರೆ ಹುಡುಗನನ್ನು ಪಕ್ಕದ ಅಂಗಡಿಗೆ ಓಡಿಸಿ ತರಿಸಿಕೊಡುತ್ತಾರೆ. ಆದ್ದರಿಂದ ಮೊದಲು ಬೀದಿ ಗೊತ್ತುಮಾಡಿಕೊಳ್ಳಿ, ಅಂಗಡಿ ಆಮೇಲೆ.

ಯಾವುದಕ್ಕೆ ಎತ್ತ ನಡೆಯಬೇಕು

ರೇಷ್ಮೆ ಸೀರೆಗೆ ಚಿಕ್ಕಪೇಟೆ ಮುಖ್ಯ ಬೀದಿ ಮತ್ತು ಅದಕ್ಕೆ ಅಂಟಿದ ಓಣಿಗಳು, ಮಹಡಿಗಳು. ಪಠ್ಯಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಹಳೆಯ ಪುಸ್ತಕಗಳಿಗೆ ಅವೆನ್ಯೂ ರಸ್ತೆ. ಚಿನ್ನ ಬೆಳ್ಳಿಗೆ ಅವೆನ್ಯೂ ರಸ್ತೆ, ನಗರ್ತಪೇಟೆ. ಲಗ್ನಪತ್ರಿಕೆ, ಕಾಗದಕ್ಕೆ ಸುಲ್ತಾನ್‌ಪೇಟೆ. ಆಟಿಕೆ, ಅಲಂಕಾರದ ಸಾಮಾನು, ಬಂದವರಿಗೆ ಕೊಡುವ ಸಣ್ಣ ಉಡುಗೊರೆಗಳಿಗೆ ಮಾಮೂಲ್‌ಪೇಟೆ. ದೀಪ, ಸ್ವಿಚ್ಚು, ವೈರಿಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ. ಕಂಪ್ಯೂಟರ್ ಬಿಡಿಭಾಗ, ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಎಸ್.ಪಿ. ರಸ್ತೆ, ಅಂದರೆ ಸಾದರ್ ಪತ್ರಪ್ಪ ರಸ್ತೆ. ವಾಹನದ ಬಿಡಿಭಾಗಗಳಿಗೆ ಜೆ.ಸಿ. ರಸ್ತೆ. ಬೇಳೆಕಾಳು, ಮಸಾಲೆ ಪದಾರ್ಥಗಳಿಗೆ ತರಗುಪೇಟೆ. ಹೂವು, ತರಕಾರಿ, ಬಾಳೆ ಎಲೆಗೆ ಕೃಷ್ಣರಾಜೇಂದ್ರ ಮಾರುಕಟ್ಟೆ. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನ ಈ ಕಟ್ಟಡ ಎದ್ದದ್ದು 1921ರಲ್ಲಿ.

ಕಾರು ತರಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಪೇಟೆಯ ದಿನ ಕೆಡುವುದು ಸಾಮಾನ್ಯವಾಗಿ ನಿಲುಗಡೆಯ ಜಾಗ ಹುಡುಕುವುದರಿಂದಲೇ. 2017ರಿಂದ ಹಸಿರು ಮಾರ್ಗದ ಮೆಟ್ರೋ ನೆಲದಡಿಯಲ್ಲಿ ಪೇಟೆಯನ್ನು ಹಾದುಹೋಗುತ್ತದೆ. ಮೆಜೆಸ್ಟಿಕ್ ಆದ ಮೇಲೆ ಒಂದು ನಿಲ್ದಾಣ ಚಿಕ್ಕಪೇಟೆ, ಅದರ ನಂತರದ್ದು ಕೃಷ್ಣರಾಜೇಂದ್ರ ಮಾರುಕಟ್ಟೆ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವಂತೆ ದಾರಿ ಹಾಕಿಕೊಂಡರೆ ಬಂದ ದಾರಿಯಲ್ಲೇ ಮೂಟೆ ಹೊತ್ತು ಹಿಂತಿರುಗುವ ಕಷ್ಟವಿಲ್ಲ.

ವಿಳಾಸದಷ್ಟೇ ಮುಖ್ಯ ಹೊತ್ತು

ಒಂದೇ ಅಂಗಡಿ ಬೆಳಿಗ್ಗೆ ಹನ್ನೊಂದಕ್ಕೂ ಸಂಜೆ ಆರಕ್ಕೂ ಎರಡು ಬೇರೆ ಅಂಗಡಿ. ಬೆಳಿಗ್ಗೆ ಮಾಲಿಕರು ಗಲ್ಲಾಪೆಟ್ಟಿಗೆಯ ಬಳಿ ನೆಮ್ಮದಿಯಾಗಿ ಕೂತಿರುತ್ತಾರೆ, ಕೇಳಿದ್ದಕ್ಕೆ ಉತ್ತರ ಸಿಗುತ್ತದೆ, ಹತ್ತು ಸೀರೆ ಬಿಚ್ಚಿಸಿದರೂ ಬೇಸರಿಸುವುದಿಲ್ಲ. ಸಂಜೆಯ ನೂಕುನುಗ್ಗಲಿನಲ್ಲಿ ಅದೇ ಜನಕ್ಕೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ವಾರದ ನಡುವೆ, ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಒಂದರವರೆಗೆ: ಚಿಕ್ಕಪೇಟೆಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಭಾನುವಾರ ಇಲ್ಲಿನ ಎಷ್ಟೋ ಅಂಗಡಿಗಳಿಗೆ ರಜೆ.

ಹೂವಿನ ಲೆಕ್ಕ ಬೇರೆ. ಮಾರುಕಟ್ಟೆಗೆ ಹೂವು ಬರುವುದು ಬೆಳಕು ಹರಿಯುವ ಮೊದಲೇ. ಸೇವಂತಿಗೆ, ಸುಗಂಧರಾಜ, ಕನಕಾಂಬರ ಕಿಲೋ ಲೆಕ್ಕದಲ್ಲಿ ಕೈ ಬದಲಾಗುವುದು ಆಗಲೇ. ಹೊತ್ತೇರಿದ ಮೇಲೆ ಹೋದರೆ ಸಿಗುವುದು ಕಟ್ಟಿದ ಹೂವು, ಮೊಳದ ಲೆಕ್ಕ. ವರಮಹಾಲಕ್ಷ್ಮಿ, ಗೌರಿ–ಗಣೇಶ, ಆಯುಧಪೂಜೆಯ ಹಿಂದಿನ ದಿನ ಬೆಲೆ ಏರಿಯೇ ಏರುತ್ತದೆ. ನಿಮಗೆ ಬೇಕಾದದ್ದು ಬಿಡಿ ಸೇವಂತಿಗೆಯಾದರೆ ಒಂದು ದಿನ ಮುಂಚೆ ತಂದು ಒದ್ದೆ ಬಟ್ಟೆಯಲ್ಲಿಟ್ಟರೆ ಕೆಡುವುದಿಲ್ಲ. ಮಲ್ಲಿಗೆಗೆ ಈ ಉಪಾಯ ನಡೆಯದು.

ಸೀರೆಗೆ ಆಷಾಢ ಒಳ್ಳೆಯ ತಿಂಗಳು. ಆಷಾಢದಲ್ಲಿ ನಮ್ಮಲ್ಲಿ ಮದುವೆ, ಗೃಹಪ್ರವೇಶ ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ವ್ಯಾಪಾರ ಬೀಳುತ್ತದೆ. ಶ್ರಾವಣದ ಹೊಸ ಮಾಲಿಗೆ ಜಾಗ ಮಾಡಬೇಕು. ರಿಯಾಯಿತಿ ಹುಟ್ಟುವುದು ಈ ಒತ್ತಡದಿಂದ. ಕಾರ್ತಿಕದಲ್ಲೋ ಮಾಘದಲ್ಲೋ ಮದುವೆಯಿದ್ದರೆ ಸೀರೆಯನ್ನು ಆಷಾಢದಲ್ಲೇ ಮುಗಿಸಿಬಿಡಿ. ಆದರೆ ರಿಯಾಯಿತಿ ಕಳೆದ ಬೆಲೆಯನ್ನು ಬೇರೆ ಅಂಗಡಿಯ ಬೆಲೆಯೊಂದಿಗೆ ಹೋಲಿಸಿ. ಚೀಟಿಯಲ್ಲಿ ಗೀಟು ಹಾಕಿದ ಹಳೆಯ ಬೆಲೆಯೊಂದಿಗೆ ಹೋಲಿಸಬೇಡಿ. ಆ ಹಳೆಯ ಬೆಲೆಗೆ ಯಾರಾದರೂ ಕೊಂಡಿದ್ದರೋ ಇಲ್ಲವೋ ಯಾರು ಬಲ್ಲರು?

ಚೈತ್ರದ ಹುಣ್ಣಿಮೆಯ ರಾತ್ರಿ ಬೆಂಗಳೂರು ಕರಗ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟು ಪೇಟೆಯ ಬೀದಿಗಳಲ್ಲಿ ಸಂಚರಿಸುತ್ತದೆ. ಆ ಒಂದೆರಡು ದಿನ ಕೊಳ್ಳುವ ಕೆಲಸ ಇಟ್ಟುಕೊಳ್ಳಬೇಡಿ. ಕರಗ ನೋಡುವುದಕ್ಕೇ ಬನ್ನಿ.

ಹೊಟ್ಟೆಯ ವಿಚಾರ

ಸಗಟು ಪೇಟೆಯ ಸುತ್ತ ಒಳ್ಳೆಯ ತಿಂಡಿ ಸಿಗಲು ಬಲವಾದ ಕಾರಣವಿದೆ. ಮೂಟೆ ಹೊರುವ ಹಮಾಲರು, ಅಂಗಡಿ ಕೆಲಸಗಾರರು, ಗುಮಾಸ್ತರು, ಊರಿಂದ ಮಾಲು ಒಯ್ಯಲು ಬಂದ ವ್ಯಾಪಾರಿಗಳು ವರ್ಷವಿಡೀ ಹೊರಗೇ ತಿನ್ನಬೇಕು. ದುಡ್ಡು ಲೆಕ್ಕದ್ದು, ಸಮಯ ಇನ್ನೂ ಬಿಗಿ. ಒಂದು ದಿನ ಸಾಂಬಾರು ಹಳಸಿದರೆ ಮರುದಿನ ಎದುರಿನ ಹೋಟೆಲಿಗೆ ಹೋಗುತ್ತಾರೆ. ಬೆಳಿಗ್ಗೆ ಹಚ್ಚಿದ ಒಲೆ ಆರುವುದೇ ಇಲ್ಲವಾದ್ದರಿಂದ ಪದಾರ್ಥ ನಿಲ್ಲುವುದಿಲ್ಲ, ನಿಲ್ಲದ ಪದಾರ್ಥ ಕೆಡುವುದಿಲ್ಲ. ಪ್ರವಾಸಿಗರನ್ನೇ ನಂಬಿದ ಹೋಟೆಲಿಗೆ ಈ ಕಟ್ಟುನಿಟ್ಟಿಲ್ಲ, ಇವತ್ತು ಬಂದವರು ನಾಳೆ ಬರುವುದಿಲ್ಲ ಎಂದು ಅದಕ್ಕೆ ಗೊತ್ತು.

ಹಾಗಾದರೆ ಗುರುತಿಸುವುದು ಹೇಗೆ?

1. ಪ್ರಶ್ನೆ ಬದಲಿಸಿ. ‘ಇಲ್ಲಿ ಒಳ್ಳೆ ಹೋಟೆಲ್ ಯಾವುದು?’ ಎಂದರೆ ಜನ ನಿಮ್ಮ ಬಟ್ಟೆ, ಚೀಲ ನೋಡಿ ನಿಮಗೆ ಹೊಂದುತ್ತದೆಂದು ಅವರಿಗೆ ತೋಚಿದ, ಹೆಸರು ಮಾಡಿದ ಜಾಗ ಹೇಳುತ್ತಾರೆ. ‘ನೀವು ಬೆಳಿಗ್ಗೆ ತಿಂಡಿ ಎಲ್ಲಿ ತಿಂತೀರಿ?’ ಎಂದು ಕೇಳಿ. ಉತ್ತರವೇ ಬೇರೆ ಬರುತ್ತದೆ. ಆಟೊ ಚಾಲಕರು, ಅಂಗಡಿಯಲ್ಲಿ ಸೀರೆ ಮಡಚುವ ಹುಡುಗರು, ಹೂವು ಕಟ್ಟುವ ಹೆಂಗಸರು ಇಂಥದ್ದಕ್ಕೆ ಒಳ್ಳೆಯ ಮಾರ್ಗದರ್ಶಕರು. ಇಬ್ಬರು ಬೇರೆ ಬೇರೆ ಜನ ಒಂದೇ ಹೆಸರು ಹೇಳಿದರೆ ಯೋಚಿಸಬೇಕಾಗಿಲ್ಲ, ಹೊರಡಿ.

2. ತಿಂಡಿಯ ಫಲಕ ಚಿಕ್ಕದಾಗಿರಲಿ. ನಾಲ್ಕೈದು ತಿಂಡಿಯನ್ನೇ ದಿನವೂ ಮಾಡುವ ಕೈಗೆ ಹದ ಕೂಡಿಬರುತ್ತದೆ. ಪದಾರ್ಥವೂ ಅಂದಂದೇ ಖಾಲಿಯಾಗುತ್ತದೆ. ಪೇಟೆಯಿಂದ ದೂರವಲ್ಲದ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಇದಕ್ಕೆ ಒಳ್ಳೆಯ ಉದಾಹರಣೆ: ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ. ಸಾಂಬಾರಿಲ್ಲ, ಚಟ್ನಿಯಷ್ಟೇ. ಸಾಂಬಾರು ಇಲ್ಲವೆಂದು ಯಾರೂ ವಾಪಸು ಹೋಗಿಲ್ಲ. ಇಡ್ಲಿಯಿಂದ ಹಿಡಿದು ಗೋಬಿ ಮಂಚೂರಿಯವರೆಗೆ ನೂರು ತಿಂಡಿ ಬರೆದ ಫಲಕ ಕಂಡರೆ ನಾನು ಮುಂದೆ ನಡೆಯುತ್ತೇನೆ.

3. ಪ್ರತಿ ಹೋಟೆಲಿಗೂ ಒಂದು ತಿಂಡಿ ಕೈಹಿಡಿದಿರುತ್ತದೆ. ಒಳಗೆ ಹೋಗಿ ಕೂರುವ ಮೊದಲು ಅರ್ಧ ನಿಮಿಷ ನಿಂತು ಮೇಜುಗಳತ್ತ ಕಣ್ಣಾಡಿಸಿ. ಹೆಚ್ಚಿನ ತಟ್ಟೆಗಳಲ್ಲಿ ಏನಿದೆಯೋ ಅದನ್ನೇ ಕೇಳಿ. ಬಳೇಪೇಟೆಯ ಉಡುಪಿ ಶ್ರೀ ಕೃಷ್ಣ ಭವನದಲ್ಲಿ ಹಳಬರು ಕೇಳುವುದು ಸಾಗು ಮಸಾಲೆ ದೋಸೆ. ಅಲ್ಲಿ ಹೋಗಿ ಬೇರೇನೋ ತಿಂದು ‘ಅಂಥ ವಿಶೇಷವೇನಿಲ್ಲ’ ಎಂದರೆ ತಪ್ಪು ಹೋಟೆಲಿನದಲ್ಲ.

4. ಹೋಟೆಲಿಗೂ ಹೊತ್ತಿದೆ. ತಿಂಡಿಗೆ ಹೆಸರಾದ ಕಡೆ ಎಂಟರಿಂದ ಹತ್ತು. ಮಧ್ಯಾಹ್ನ ಮೂರಕ್ಕೆ ಅಲ್ಲಿ ದೋಸೆ ಕೇಳಿದರೆ ಕಾವಲಿ ತಣ್ಣಗಿರುತ್ತದೆ. ಮಿಲಿಟರಿ ಹೋಟೆಲಿನಲ್ಲಿ ಇದು ಇನ್ನೂ ಮುಖ್ಯ. ಕಾಟನ್‌ಪೇಟೆ, ಕಬ್ಬನ್‌ಪೇಟೆಗಳ ಕಡೆಯ ಈ ಹಳೆಯ ಮಾಂಸಾಹಾರಿ ಹೋಟೆಲುಗಳಲ್ಲಿ ಕಾಲು ಸೂಪು ಬೆಳಗಿನ ಪದಾರ್ಥ. ಮುದ್ದೆ, ಕೈಮಾ ಉಂಡೆ, ದೊನ್ನೆ ಬಿರಿಯಾನಿಗೆ ಹನ್ನೆರಡೂವರೆಯೊಳಗೆ ಹೋಗಿ. ತಡವಾದರೆ ‘ಖಾಲಿ’ ಎಂಬ ಉತ್ತರ ಸಿಗಬಹುದು. ಖಾಲಿ ಎನ್ನುವ ಹೋಟೆಲನ್ನು ನೆನಪಿಟ್ಟುಕೊಳ್ಳಿ. ಅದು ನಿನ್ನೆಯದನ್ನು ಬಿಸಿಮಾಡಿ ಕೊಡುತ್ತಿಲ್ಲ.

5. ಮೊದಲು ಸ್ವಲ್ಪವೇ ಕೇಳಿ. ಒಂದು ಇಡ್ಲಿ–ವಡೆ, ಬೈಟು ಕಾಫಿ. ಚಟ್ನಿ ಒಂದನ್ನೇ ರುಚಿ ನೋಡಿ: ಕಾಯಿ ಅಂದೇ ತುರಿದದ್ದೋ, ನೀರು ಬೆರೆಸಿ ಹಿಗ್ಗಿಸಿದ್ದೋ ನಾಲಿಗೆಗೆ ಕೂಡಲೇ ತಿಳಿಯುತ್ತದೆ. ಚಟ್ನಿ ಚೆನ್ನಾಗಿದ್ದರೆ ದೋಸೆ ಹೇಳಿ. ಚಟ್ನಿಯಲ್ಲಿ ಉಳಿತಾಯ ಮಾಡುವವರು ಎಣ್ಣೆಯಲ್ಲೂ ಮಾಡುತ್ತಾರೆ.

6. ಕೈತೊಳೆಯುವ ಜಾಗ ನೋಡಿ. ಗೋಡೆಯ ಬಣ್ಣ ಮಾಸಿದ್ದರೆ ಚಿಂತೆಯಿಲ್ಲ. ತೊಟ್ಟಿ, ಲೋಟ ತೊಳೆಯುವ ನೀರು, ಎಂಜಲು ತಟ್ಟೆ ಎತ್ತುವ ವೇಗ, ಇವು ಅಡುಗೆಮನೆಯ ಸ್ಥಿತಿಯನ್ನು ಹೇಳಿಬಿಡುತ್ತವೆ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಅಥವಾ ನೋಂದಣಿ ಸಂಖ್ಯೆಯನ್ನು ಹೋಟೆಲು ಕಾಣುವಂತೆ ಹಾಕಿರಬೇಕು. 2022ರ ಜನವರಿಯಿಂದ ಬಿಲ್ಲಿನಲ್ಲೂ ಅದು ಇರಬೇಕು.

ಪೇಟೆ ಎಂದರೆ ಇಡ್ಲಿ–ದೋಸೆ ಮಾತ್ರವಲ್ಲ. ಚಿಕ್ಕಪೇಟೆ, ನಗರ್ತಪೇಟೆಗಳಲ್ಲಿ ರಾಜಸ್ಥಾನಿ, ಗುಜರಾತಿ ವ್ಯಾಪಾರಿ ಕುಟುಂಬಗಳು ತಲೆಮಾರುಗಳಿಂದ ಇವೆ. ಅವರಿಗಾಗಿ ನಡೆಯುವ ಕಚೋರಿ, ಜಿಲೇಬಿಯ ಅಂಗಡಿಗಳೂ ರೊಟ್ಟಿ–ದಾಲ್‌ನ ಸಣ್ಣ ಭೋಜನಾಲಯಗಳೂ ಓಣಿಗಳಲ್ಲಿವೆ. ನಿಯಮ ಅದೇ: ಆ ಊಟ ಯಾರ ಮನೆಯ ಊಟವೋ ಅವರೇ ಅಲ್ಲಿ ತಿನ್ನುತ್ತಿದ್ದಾರೆಯೇ ನೋಡಿ. ಅಯ್ಯಂಗಾರ್ ಬೇಕರಿಯಾದರೆ ಖಾರ ಬನ್ನು, ದಿಲ್‌ಪಸಂದ್ ಬಿಸಿಯಾಗಿ ಹೊರಬರುವ ಹೊತ್ತು ಕೇಳಿಕೊಂಡು ಆಗ ಹೋಗಿ. ಸಂಜೆಯಾಯಿತೆಂದರೆ ವಿ.ವಿ. ಪುರದ ತಿಂಡಿಬೀದಿ ಹತ್ತಿರವೇ ಇದೆ. ಜನವರಿಯ ಆಸುಪಾಸಿನಲ್ಲಿ ಬಂದರೆ ಅವರೆಕಾಳಿನ ತಿಂಡಿಗಳನ್ನು ಬಿಡಬೇಡಿ. ಸೊಗಡಿನ ಅವರೆ ವರ್ಷವಿಡೀ ಸಿಗುವುದಲ್ಲ.

ಹೆಸರಾದ ಹೋಟೆಲಿಗೆ ಹೋಗಲೇಬಾರದೇ? ಖಂಡಿತ ಹೋಗಬೇಕು. ಲಾಲ್‌ಬಾಗ್ ರಸ್ತೆಯ ಎಂಟಿಆರ್ 1924ರದ್ದು, ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಇಷ್ಟು ಕಾಲ ಉಳಿದದ್ದು ಊರಿನ ಜನ ಮತ್ತೆ ಮತ್ತೆ ಬಂದದ್ದರಿಂದ. ಆದರೆ ಭಾನುವಾರ ಬೆಳಿಗ್ಗೆ ಹೋಗಿ ಸರದಿಯಲ್ಲಿ ನಿಂತು ಸುಸ್ತಾಗಬೇಡಿ; ವಾರದ ದಿನ ಬೇಗ ಹೋಗಿ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ ಎಂಬುದೂ ನೆನಪಿರಲಿ.

ಕೊಳ್ಳುವ ಕ್ರಮ

1. ಮೊದಲ ಸುತ್ತಿನಲ್ಲಿ ಏನೂ ಕೊಳ್ಳಬೇಡಿ. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ಮೂರು ಅಂಗಡಿಯಲ್ಲಿ ಒಂದೇ ಬಗೆಯ ಮಾಲಿಗೆ ಬೆಲೆ ಕೇಳಿ ಬರೆದುಕೊಳ್ಳಿ. ಒಂದು ಮುಖ್ಯರಸ್ತೆಯದ್ದು, ಒಂದು ಓಣಿಯದ್ದು, ಒಂದು ಮಹಡಿಯದ್ದು. ಮುಖ್ಯರಸ್ತೆಯ ನೆಲಮಹಡಿಗೆ ಬಾಡಿಗೆ ಜಾಸ್ತಿ, ಆ ಬಾಡಿಗೆ ಎಲ್ಲೋ ಬೆಲೆಯಲ್ಲಿ ಸೇರಲೇಬೇಕು. ಮೂರು ಬೆಲೆ ಕೈಯಲ್ಲಿದ್ದರೆ ಚೌಕಾಸಿಗೆ ಗಟ್ಟಿ ನೆಲ ಸಿಗುತ್ತದೆ.

2. ಬಜೆಟ್ಟನ್ನು ಮೊದಲೇ ಹೇಳಿಬಿಡಿ, ಆದರೆ ನಿಮ್ಮ ಮನಸ್ಸಿನಲ್ಲಿರುವುದಕ್ಕಿಂತ ಸ್ವಲ್ಪ ಕಡಿಮೆ. ಹೇಳದಿದ್ದರೆ ಎಲ್ಲಕ್ಕಿಂತ ದುಬಾರಿಯದನ್ನು ಮೊದಲು ಹಾಸುತ್ತಾರೆ. ಅದನ್ನು ನೋಡಿದ ಕಣ್ಣಿಗೆ ಮಿಕ್ಕಿದ್ದೆಲ್ಲ ಸಪ್ಪೆ.

3. ಸಗಟು ಅಂಗಡಿಯಲ್ಲಿ ‘ಒಂದು ಕೊಡಿ’ ಎನ್ನುವ ಬದಲು ‘ಕನಿಷ್ಠ ಎಷ್ಟು ತಗೋಬೇಕು?’ ಎಂದು ಕೇಳಿ. ಕೆಲವರು ಡಜನ್ನಿಗೆ ಒಂದು ಬೆಲೆ, ಬಿಡಿಗೆ ಒಂದು ಬೆಲೆ ಇಟ್ಟಿರುತ್ತಾರೆ. ನೆಂಟರು, ನೆರೆಹೊರೆಯವರ ಅಗತ್ಯ ಸೇರಿಸಿಕೊಂಡು ಹೋದರೆ ಡಜನ್ನಿನ ಬೆಲೆ ನಿಮ್ಮದು. ತಾಂಬೂಲದ ಚೀಲ, ಉಡುಗೊರೆ ಸಾಮಾನಿಗೆ ಇದು ಚೆನ್ನಾಗಿ ನಡೆಯುತ್ತದೆ.

4. ಬೋಣಿಯ ಹೊತ್ತಿಗೆ ಗೌರವ ಕೊಡಿ. ಅಂಗಡಿ ತೆರೆದ ಕೂಡಲೇ ಹೋಗಿ ಅರ್ಧ ಬೆಲೆಗೆ ಕೇಳಿ, ಕೊಳ್ಳದೆ ಬಂದರೆ ವ್ಯಾಪಾರಿಯ ಮನಸ್ಸು ನೋಯುತ್ತದೆ. ಕೊಳ್ಳುವುದು ಖಚಿತವಿದ್ದರೆ ಮಾತ್ರ ಮೊದಲ ಗಿರಾಕಿಯಾಗಿ. ಬೋಣಿ ಮುರಿಯಬಾರದೆಂದು ಅವರೇ ನಾಲ್ಕು ಕಾಸು ಇಳಿಸುವುದುಂಟು.

5. ಚೌಕಾಸಿ ಜಗಳವಲ್ಲ. ‘ಪಕ್ಕದಲ್ಲಿ ಇಷ್ಟು ಹೇಳಿದರು, ನಿಮ್ಮ ಮಾಲಿನಲ್ಲಿ ವ್ಯತ್ಯಾಸವೇನು?’ ಎಂದು ಕೇಳಿ. ವ್ಯತ್ಯಾಸವಿದ್ದರೆ ತೋರಿಸುತ್ತಾರೆ, ನೀವು ಕಲಿಯುತ್ತೀರಿ. ಇಲ್ಲದಿದ್ದರೆ ಬೆಲೆ ಇಳಿಯುತ್ತದೆ. ‘ಫಿಕ್ಸೆಡ್ ರೇಟ್’ ಎಂದು ಬರೆದ ಅಂಗಡಿಯಲ್ಲಿ ಒತ್ತಾಯಿಸಬೇಡಿ. ಹೊಟ್ಟೆಪಾಡಿಗೆ ಬುಟ್ಟಿಯಿಟ್ಟು ಕೂತ ಸೊಪ್ಪಿನವರ ಹತ್ತಿರ ಚೌಕಾಸಿಯೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ರೇಷ್ಮೆ ಮತ್ತು ಚಿನ್ನ: ಇಲ್ಲಿ ನಿಧಾನಿಸಿ

ಬಾಯಿಮಾತಿನ ‘ಪ್ಯೂರ್ ಸಿಲ್ಕ್’ಗೆ ಬೆಲೆಯಿಲ್ಲ. ಬೇಕಾದದ್ದು ಗುರುತು. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಚೀಟಿ ಸೀರೆಗೆ ಅಂಟಿದೆಯೇ ನೋಡಿ. ಚೀಟಿ ಅಂಗಡಿಯ ಗೋಡೆಯ ಮೇಲಿದ್ದರೆ ಸಾಲದು, ನೀವು ಕೊಳ್ಳುವ ಸೀರೆಯ ಮೇಲೇ ಇರಬೇಕು. ಆದರೆ ಅದು ಖಾತರಿ ಕೊಡುವುದು ನೂಲು ರೇಷ್ಮೆಯದೆಂದು ಮಾತ್ರ. ಜರಿ ಶುದ್ಧವೋ, ಮಗ್ಗ ಕೈಯದೋ ವಿದ್ಯುತ್ತಿನದೋ ಎಂಬುದನ್ನು ಅದು ಹೇಳುವುದಿಲ್ಲ. ಕೈಮಗ್ಗದ್ದೆಂದು ಹೆಚ್ಚು ಬೆಲೆ ಕೇಳಿದರೆ ಹ್ಯಾಂಡ್‌ಲೂಮ್ ಮಾರ್ಕ್ ಎಲ್ಲಿ ಎಂದು ಕೇಳಿ. ಜರಿಯಲ್ಲಿ ಬೆಳ್ಳಿಗೆ ಚಿನ್ನದ ಲೇಪದ್ದು, ತಾಮ್ರಕ್ಕೆ ಬೆಳ್ಳಿ ನೀರು ಕೊಟ್ಟದ್ದು, ಪ್ಲಾಸ್ಟಿಕ್ ಹಾಳೆಯದು ಎಂಬ ಬಗೆಗಳಿವೆ. ಯಾವ ಬಗೆ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಅದೇ ಉತ್ತರ.

ಮನೆಯಲ್ಲಿ ಪರೀಕ್ಷಿಸಬೇಕೆಂದರೆ ಸೆರಗಿನ ಕುಚ್ಚಿನಿಂದ ಒಂದೆರಡು ಎಳೆ ತೆಗೆದು ಸುಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಒಡಲಿನ ಎಳೆಯನ್ನೂ ಬೇರೆಯಾಗಿ ಸುಟ್ಟು ನೋಡಬೇಕು, ಹಾಸು ರೇಷ್ಮೆಯಾಗಿದ್ದು ಹೊಕ್ಕು ಬೇರೆಯಾಗಿರುವ ಸೀರೆಗಳೂ ಇವೆ. ಇನ್ನು ಮೈಸೂರು ಸಿಲ್ಕ್. ಇದು ಭೌಗೋಳಿಕ ಸೂಚಿಕೆ ಪಡೆದ ಹೆಸರು. 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ಕಾರ್ಖಾನೆಯನ್ನು ಇಂದು ನಡೆಸುತ್ತಿರುವುದು ಸರ್ಕಾರದ ಕೆಎಸ್‌ಐಸಿ. ಅದರ ಮಳಿಗೆಯ ಹೊರಗೆ ‘ಮೈಸೂರು ಸಿಲ್ಕ್’ ಎಂದು ಕೊಟ್ಟರೆ ಮೈಸೂರು ಕ್ರೇಪಿನಂತೆ ಕಾಣುವ ಬೇರೆ ಸೀರೆ ಎಂದು ತಿಳಿದೇ ಕೊಳ್ಳಿ. ಅದು ಚೆಂದವೂ ಇರಬಹುದು. ಬೆಲೆ ಮಾತ್ರ ಮೈಸೂರು ಸಿಲ್ಕಿನದಾಗಿರಬಾರದು.

ಚಿನ್ನಕ್ಕೆ ದಾರಿ ಇನ್ನೂ ಸ್ಪಷ್ಟ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಒಡವೆಯಲ್ಲಿ ಮೂರು ಗುರುತು ಕಡ್ಡಾಯ: ಬಿಐಎಸ್ ಲಾಂಛನ, ಶುದ್ಧತೆ (22 ಕ್ಯಾರಟ್ಟಿಗೆ 916, 18ಕ್ಕೆ 750), ಅಕ್ಷರ–ಅಂಕಿ ಬೆರೆತ 6 ಸ್ಥಾನದ ಎಚ್‌ಯುಐಡಿ. ಅಂಗಡಿಯವರಿಂದ ಭೂತಗನ್ನಡಿ ಕೇಳಿ ಓದಿ, ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿ. ಒಡವೆಯ ಬಗೆ, ಶುದ್ಧತೆ ತೆರೆಯುತ್ತದೆ. ನಿಮ್ಮ ಕೈಯಲ್ಲಿರುವುದು ಬಳೆಯಾಗಿದ್ದು ಆ್ಯಪು ಉಂಗುರ ಎಂದರೆ ಅಲ್ಲೇ ಎದ್ದುಬನ್ನಿ. 2 ಗ್ರಾಂಗಿಂತ ಹಗುರ ಒಡವೆಗೆ ವಿನಾಯಿತಿ ಇದೆ. ಬಿಲ್ಲಿನಲ್ಲಿ ಚಿನ್ನದ ತೂಕ, ಕಲ್ಲಿನ ತೂಕ, ಅಂದಿನ ದರ, ಮಜೂರಿ, ವೇಸ್ಟೇಜ್, 3% ಜಿಎಸ್‌ಟಿ ಬೇರೆ ಬೇರೆ ಸಾಲಿನಲ್ಲಿರಲಿ. ಕಲ್ಲನ್ನು ಚಿನ್ನದ ತೂಕದಲ್ಲಿ ಸೇರಿಸಿದರೆ ಗಾಜಿಗೆ ಚಿನ್ನದ ಬೆಲೆ ಕೊಟ್ಟಂತೆ. ಎರಡು ಅಂಗಡಿಗಳ ನಡುವೆ ನಿಜವಾಗಿ ವ್ಯತ್ಯಾಸವಾಗುವುದು ಮಜೂರಿ ಮತ್ತು ವೇಸ್ಟೇಜಿನಲ್ಲಿ. ಚೌಕಾಸಿ ಅಲ್ಲಿ ಮಾಡಿ.

ಎಚ್ಚರಿಕೆ

ಬೀದಿಯ ಬಾಯಲ್ಲಿ ನಿಂತು ಅಂಗಡಿಗೆ ಕರೆದೊಯ್ಯುವವರಿಗೆ ಸಿಗುವ ಕಮಿಷನ್ ನಿಮ್ಮ ಬಿಲ್ಲಿನಲ್ಲೇ ಸೇರಿರುತ್ತದೆ. ಗದರಬೇಕಾಗಿಲ್ಲ, ‘ಬೇಡಣ್ಣ, ಗೊತ್ತಿರೋ ಅಂಗಡಿ ಇದೆ’ ಎಂದು ನಡೆಯುತ್ತಿರಿ. ಮಾರುಕಟ್ಟೆಯ ಜನಜಂಗುಳಿಯಲ್ಲಿ ಪರ್ಸು, ಫೋನು ಮುಂದಿನ ಜೇಬಿನಲ್ಲಿರಲಿ. ಒಡವೆ ಕೊಂಡ ಮೇಲೆ ಬೇರೆ ಕಡೆ ಸುತ್ತದೆ ನೇರ ಮನೆಗೆ ಹೊರಡಿ. ಅಂದರೆ ಒಡವೆ ಪಟ್ಟಿಯ ಕೊನೆಯಲ್ಲಿರಬೇಕು.

ಶೌಚಾಲಯದ ಮಾತು ಇಂಥ ಲೇಖನಗಳಲ್ಲಿ ಬರುವುದು ಕಡಿಮೆ. ಹೆಂಗಸರು, ಹಿರಿಯರಿಗೆ ಪೇಟೆಯ ದೊಡ್ಡ ಕಷ್ಟವೇ ಅದು. ಓಣಿಗಳಲ್ಲಿ ಬಳಸುವಂಥದ್ದು ಅಪರೂಪ. ಮೆಟ್ರೋ ನಿಲ್ದಾಣದಲ್ಲೇ ಮುಗಿಸಿಕೊಂಡು ಹೊರಡಿ, ಮಧ್ಯಾಹ್ನದ ಊಟಕ್ಕೆ ಕೂತು ತಿನ್ನುವ, ಶೌಚಾಲಯವಿರುವ ಹೋಟೆಲನ್ನೇ ಆರಿಸಿ. ನೀರು ಕುಡಿಯದೆ ಸುತ್ತುವುದು ಪರಿಹಾರವಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹಸಿದು ಕೊಳ್ಳಲು ಹೋಗುವುದು ಮೊದಲನೆಯದು. ಹಸಿದವರು ಬೇಗ ಮುಗಿಸಲು ನೋಡುತ್ತಾರೆ, ಬೇಗ ಮುಗಿಸುವವರು ಹೆಚ್ಚು ಕೊಡುತ್ತಾರೆ. ತಿಂಡಿ ತಿಂದೇ ಬೀದಿಗಿಳಿಯಿರಿ.

ಎಂಟು ಜನರ ದಂಡು ಕಟ್ಟಿಕೊಂಡು ಹೋಗುವುದು ಇನ್ನೊಂದು. ಸೀರೆಗೆ ಉಡುವವರು ಮತ್ತು ಬಟ್ಟೆ ತಿಳಿದ ಒಬ್ಬರು ಸಾಕು. ದಂಡಿದ್ದಲ್ಲಿ ಒಬ್ಬರಿಗೆ ಹಿಡಿಸಿದ್ದು ಒಬ್ಬರಿಗೆ ಹಿಡಿಸದೆ, ಕೊನೆಗೆ ಸುಸ್ತೇ ಆಯ್ಕೆ ಮಾಡುತ್ತದೆ.

ಒಂದೇ ದಿನದಲ್ಲಿ ಪಟ್ಟಿ ಪೂರ್ತಿ ಮುಗಿಸುವ ಹಟ ಬೇಡ. ಒಂದು ದಿನಕ್ಕೆ ಒಂದು ದೊಡ್ಡ ಸರಕು, ಎರಡು ಸಣ್ಣವು.

ತೆರಿಗೆ ಉಳಿಯುತ್ತದೆಂದು ಬಿಲ್ಲಿಲ್ಲದೆ ಕೊಂಡು, ಆಮೇಲೆ ಮಾಲು ವಾಪಸು ಕೊಡಲು ಪರದಾಡುವವರು ಬಹಳ ಜನ. ಎಲೆಕ್ಟ್ರಾನಿಕ್ಸಿನಲ್ಲಂತೂ ಬಿಲ್ಲಿಲ್ಲದಿದ್ದರೆ ವಾರಂಟಿ ಇಲ್ಲ. ಎಸ್.ಪಿ. ರಸ್ತೆಯಲ್ಲಿ ಕೊಂಡದ್ದನ್ನು ಅಂಗಡಿಯಲ್ಲೇ ಹಚ್ಚಿಸಿ ನೋಡಿ, ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸಿ. ಸೀರೆಯ ಅಂಗಡಿಯಲ್ಲಿ ಬದಲಾಯಿಸಿಕೊಡುವ ಗಡುವು ಎಷ್ಟು ದಿನ ಎಂದು ದುಡ್ಡು ಕೊಡುವ ಮುಂಚೆ ಕೇಳಿ.

ಹೋಟೆಲಿನ ಬಿಲ್ಲನ್ನು ಓದದೆ ಕೊಡುವುದೂ ತಪ್ಪೇ. ಸೇವಾ ಶುಲ್ಕವನ್ನು ನಿಮ್ಮ ಒಪ್ಪಿಗೆಯಿಲ್ಲದೆ ತಾವಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿದಿದೆ. ನೀರಿನ ಬಾಟಲಿಗೆ ಅಂಗಡಿಯಲ್ಲಿ ‘ಕೂಲಿಂಗ್ ಚಾರ್ಜ್’ ಎಂದು ಮುದ್ರಿತ ಬೆಲೆಗಿಂತ ಹೆಚ್ಚು ಕೇಳಿದರೆ ಕೊಡಬೇಡಿ. ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ಲು ಕೈಯಲ್ಲಿರಲಿ.

ಒಳ್ಳೆಯ ಅಂಗಡಿ ಸಿಕ್ಕಿತು ಎಂದಾದರೆ ಅದರ ಕಾರ್ಡು ತೆಗೆದುಕೊಳ್ಳಿ, ಕಾರ್ಡಿನ ಹಿಂಬದಿಯಲ್ಲಿ ಏನು ಕೊಂಡಿರಿ, ಎಷ್ಟು ಕೊಟ್ಟಿರಿ, ಯಾರ ಜತೆ ಮಾತಾಡಿದಿರಿ ಎಂದು ಬರೆದಿಡಿ. ಹೊರಡುವ ಮುಂಚೆ ಆ ಮಾಲಿಕರನ್ನೇ ಕೇಳಿ: ‘ಹಿತ್ತಾಳೆ ಸಾಮಾನಿಗೆ ನಿಮ್ಮ ಮನೆಯವರು ಎಲ್ಲಿ ಹೋಗ್ತಾರೆ?’ ಒಬ್ಬ ಒಳ್ಳೆಯ ವ್ಯಾಪಾರಿ ಇನ್ನೊಬ್ಬ ಒಳ್ಳೆಯ ವ್ಯಾಪಾರಿಯನ್ನು ಬಲ್ಲರು. ಅವರ ಹೆಸರು ಹೇಳಿಕೊಂಡು ಮುಂದಿನ ಅಂಗಡಿಗೆ ಹೋದರೆ ನಿಮ್ಮನ್ನು ಹೊಸಬರೆಂದು ಯಾರೂ ನೋಡುವುದಿಲ್ಲ.